ಮತ್ತು ಸಂಗಡಿಗರು

ಮೊನ್ನೆ ಹೊಟ್ಟೆಯುರಿಯ ಮಾತ್ರೆಯ ಪಟ್ಟಿ ಹಿಡಿದುಕೊಂಡು ಅಡುಗೆಮನೆಯ ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದೆ. ಅವಧಿ ಮುಗಿಯುವ ತಾರೀಖನ್ನು ಎಲ್ಲಿ ಒತ್ತಿದ್ದಾರೆಂದು ಹುಡುಕುತ್ತಿದ್ದೆ. ಹತ್ತಿರ ಹಿಡಿದರೆ ಮಸುಕು, ದೂರ ಹಿಡಿದರೆ ಕೈ ಸಾಲದು. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಅವ್ವನ ಭೂತಗನ್ನಡಿ ದೇವರ ಮನಿ ಗೂಡಿನ್ಯಾಗ ಅದ, ತೊಗೊಂಡು ನೋಡು" ಎಂದರು. ಎಷ್ಟು ದಿನದಿಂದ ಈ ಮಾತನ್ನು ಬಾಯಲ್ಲಿಟ್ಟುಕೊಂಡಿದ್ದರೋ, ಹೇಳಲು ಧೈರ್ಯ ಸಾಲದೆ ಸುಮ್ಮನಿದ್ದರೋ!

ಗೂಡಿನಲ್ಲಿ ಕುಂಕುಮದ ಡಬ್ಬಿಯ ಹಿಂದೆ ಅದು ಇತ್ತು. ಹಸಿರು ಪ್ಲಾಸ್ಟಿಕ್ ಹಿಡಿಕೆ ಒಮ್ಮೆ ಮುರಿದಿದ್ದರಿಂದ ಅದಕ್ಕೆ ಬತ್ತಿಯ ದಾರ ಸುತ್ತಿತ್ತು. ಅಂಚಿನಲ್ಲಿ ಅರಿಶಿನದ ಬೆರಳಚ್ಚು ಹಾಗೇ ಇತ್ತು. ಅದನ್ನು ಮಾತ್ರೆಯ ಮೇಲೆ ಹಿಡಿದೆ. ಪುಣ್ಯಕ್ಕೆ ನುಂಗಿರಲಿಲ್ಲ, ಆ ಮಾತ್ರೆ ಹೋದ ವರ್ಷವೇ ತೀರಿಕೊಂಡಿತ್ತು. ಮಾತ್ರೆಯನ್ನು ಬುಟ್ಟಿಗೆ ಎಸೆದು, ಕನ್ನಡಿಯನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡು ಕೂತುಬಿಟ್ಟೆ. ಅಂದು ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಈ ಭೂತಗನ್ನಡಿ ನಮ್ಮ ಅತ್ತೆಯವರದು. ಅವರ ಹೆಸರು ಪದ್ಮಾವತಿಬಾಯಿ. ಕಂಪ್ಲಿಯಲ್ಲಿ ಹುಟ್ಟಿ, ಮದುವೆಯಾಗಿ ಹೊಸಪೇಟೆಯ ಚಿತ್ತವಾಡ್ಗಿಗೆ ಬಂದವರು. ಪಂಚಾಂಗ ನೋಡುವುದಕ್ಕೆಂದು ಕೊಂಡ ಕನ್ನಡಿ ಅದು. ಆದರೆ ಅವರು ಅದನ್ನು ಶ್ರದ್ಧೆಯಿಂದ ಬಳಸುತ್ತಿದ್ದದ್ದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಸಂಗೀತೋತ್ಸವದ ಆಮಂತ್ರಣ ಪತ್ರಿಕೆ ಓದುವುದಕ್ಕೆ.

ಇದು ನಮ್ಮ ಕಡೆ ಗಣಿ ಭರ್ಜರಿ ನಡೆಯುತ್ತಿದ್ದ ಕಾಲದ ಮಾತು. ಸಂಡೂರಿನ ಗುಡ್ಡಗಳು ದಿನಾ ಲಾರಿ ಹತ್ತಿ ಬಂದರಿನ ಕಡೆ ಹೋಗುತ್ತಿದ್ದವು. ಒಗೆದ ಬಟ್ಟೆ ಹಗ್ಗಕ್ಕೆ ಹಾಕಿ ತೆಗೆಯುವಷ್ಟರಲ್ಲಿ ಕೆಂಪಗಾಗುತ್ತಿತ್ತು. ನಮ್ಮ ಓಣಿಯಲ್ಲಿ ಬಿಳಿ ಪಂಚೆ ಉಡುತ್ತಿದ್ದ ಗಂಡಸರೆಲ್ಲ ಹೆಂಡತಿ ಮಕ್ಕಳನ್ನು ಇಟ್ಟುಕೊಂಡೇ ಕಾವಿ ಧರಿಸಿದವರಂತೆ ಕಾಣುತ್ತಿದ್ದರು. ಊರಲ್ಲಿ ಹೊಸ ಕಾರು, ಹೊಸ ಬಂಗಲೆ, ಹೊಸ ಹುರುಪು. ಆ ಹುರುಪಿನಲ್ಲೇ ಹಂಪಿಯಲ್ಲಿ ಮೂರು ದಿನದ ಬೇಸಿಗೆ ಸಂಗೀತೋತ್ಸವವೊಂದು ಶುರುವಾಯಿತು. ಮೇ ತಿಂಗಳಲ್ಲಿ ಹಂಪಿಯ ಬಂಡೆಗಳ ನಡುವೆ ಜನರನ್ನು ಕೂರಿಸಿ ಹಾಡು ಕೇಳಿಸಬೇಕೆಂದು ಯಾರ ತಲೆಗೆ ಹೊಳೆಯಿತೋ, ಆ ತಲೆಗೆ ಮೊದಲೇ ಬಿಸಿಲು ಬಡಿದಿತ್ತೆಂದೇ ನನ್ನ ನಂಬಿಕೆ.

ಆಮಂತ್ರಣ ಪತ್ರಿಕೆಯನ್ನು ನೀವೂ ನೋಡಿರುತ್ತೀರಿ. ಮೊದಲ ಪುಟದಲ್ಲಿ ಕೈ ಮುಗಿದ ದೊಡ್ಡವರ ಚಿತ್ರ. ಎರಡನೆಯದರಲ್ಲಿ ಅವರಿಗಿಂತ ಸ್ವಲ್ಪ ಸಣ್ಣವರ ಚಿತ್ರ. ನಡುವಿನ ಪುಟದಲ್ಲಿ ಬಣ್ಣಬಣ್ಣದ ಅಕ್ಷರಗಳಲ್ಲಿ ಸಿನಿಮಾ ಗಾಯಕರು, ಸಂಜೆಯ ಮುಖ್ಯ ವೇದಿಕೆ. ಎಲ್ಲ ಮುಗಿದ ಮೇಲೆ, ಕೊನೆಯ ಪುಟದ ಕೆಳಗೆ, ಇರುವೆ ಸಾಲು ಹೊರಟಂಥ ಅಕ್ಷರಗಳಲ್ಲಿ ಮೂರನೇ ವೇದಿಕೆಯ ಕಲಾವಿದರ ಹೆಸರು. ಸಮಯ: ಮಧ್ಯಾಹ್ನ ಎರಡೂವರೆಯಿಂದ ಐದು. ಮೇ ತಿಂಗಳ ಮಧ್ಯಾಹ್ನ ಎರಡೂವರೆ, ಹಂಪಿಯಲ್ಲಿ! ಶತ್ರುವನ್ನೂ ಆ ಹೊತ್ತಿಗೆ ಹಾಡು ಎಂದು ಕರೆಯಬಾರದು.

ಅತ್ತೆಯವರು ನೇರವಾಗಿ ಕೊನೆಯ ಪುಟ ತೆರೆಯುತ್ತಿದ್ದರು. ಭೂತಗನ್ನಡಿ ಹಿಡಿದು, ಒಂದೊಂದೇ ಹೆಸರನ್ನು ತುಟಿಯಲ್ಲಿ ಹೇಳಿಕೊಳ್ಳುತ್ತ, ಬೇಕಾದವರ ಮುಂದೆ ಪೆನ್ಸಿಲಿನಿಂದ ಚುಕ್ಕೆ ಇಡುತ್ತಿದ್ದರು.

"ನಡುವಿನ ಪುಟ ನೋಡಿ ಅತ್ತೆ, ಎಂಥೆಂಥವರು ಬರ್ತಿದಾರೆ" ಎಂದೆ ನಾನು ಮೊದಲ ವರ್ಷ. ನಾನು ದಾವಣಗೆರೆಯವಳು. ಹುಡುಗಿಯಾಗಿದ್ದಾಗ ಸಂಗೀತದ ಜೂನಿಯರ್ ಪರೀಕ್ಷೆಗೆ ಎರಡು ಸಲ ಕಟ್ಟಿ, ಎರಡು ಸಲವೂ ಶ್ರುತಿ ಸೇರದೆ ಫೇಲಾದವಳು. ಹೀಗಾಗಿ ಸಂಗೀತದ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವಿತ್ತು.

"ದೊಡ್ಡ ಅಕ್ಷರ ಎಲ್ಲಾರಿಗೂ ಕಾಣ್ತಾವ ವೀಣಾ. ಅದಕ್ಕ ನಾ ಯಾಕ ಬೇಕು?" ಎಂದರು ಅತ್ತೆ, ಕನ್ನಡಿಯಿಂದ ಕಣ್ಣು ತೆಗೆಯದೆ.

ನಾನು ಹೈಸ್ಕೂಲು ಟೀಚರು. ಬೇಸಿಗೆ ರಜೆಯಲ್ಲಿ ಕೆಲಸವಿಲ್ಲ ಎನ್ನುವುದು ಮನೆಗೆಲ್ಲ ಗೊತ್ತಿದ್ದ ಗುಟ್ಟು. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಒಬ್ಬರನ್ನೇ ಕಳಿಸುವ ಹಾಗಿಲ್ಲ. ಹಾಗಾಗಿ ಮೂರೂ ದಿನ ಅವರ ಹಿಂದೆ ಛತ್ರಿ, ಚಾಪೆ, ಮಜ್ಜಿಗೆಯ ಥರ್ಮಾಸು, ಮೊಸರವಲಕ್ಕಿಯ ಡಬ್ಬಿ ಹೊತ್ತು ಹಂಪಿಯ ಬಸ್ಸು ಹತ್ತುವ ಯೋಗ ನನ್ನ ಪಾಲಿಗೆ ಬಂತು. ಸಂಜೆ ಮುಖ್ಯ ವೇದಿಕೆಗೆ ಹೋಗಿಯೇ ತೀರುತ್ತೇನೆಂದು ನಾನೂ ಒಂದು ಒಳ್ಳೆಯ ಸೀರೆ ಉಟ್ಟಿದ್ದೆ. ನಾಲ್ಕು ವರ್ಷ ಒಳ್ಳೆಯ ಸೀರೆ ಉಟ್ಟೆ, ಒಂದು ಸಲವೂ ಆ ಕಡೆ ಹೋಗಲಾಗಲಿಲ್ಲ. ಐದಕ್ಕೆಲ್ಲ ಬಿಸಿಲಿಗೆ ಸೊಪ್ಪಾಗಿ ಮನೆ ಸೇರಿದರೆ ಸಾಕಪ್ಪಾ ಅನ್ನಿಸುತ್ತಿತ್ತು.

ಮೂರನೇ ವೇದಿಕೆ ಇದ್ದದ್ದು ಬಾಳೆತೋಟದ ಅಂಚಿನಲ್ಲಿ, ಒಂದು ಹುಣಸೆಮರದ ಕೆಳಗೆ. ಹಿಂದೆ ಸ್ವಲ್ಪ ದೂರಕ್ಕೆ ಕಲ್ಲಿನ ಹಳೆಯ ಮಂಟಪ. ಪ್ರೇಕ್ಷಕರೆಂದರೆ ನಾವಿಬ್ಬರು, ಟೊಪ್ಪಿಗೆಯ ಇಬ್ಬರು ಪರದೇಶಿಗಳು, ಬಂದೋಬಸ್ತಿಗೆಂದು ಬಂದು ನಿದ್ದೆಗೆ ಬಿದ್ದ ಒಬ್ಬ ಪೊಲೀಸಪ್ಪ, ಮತ್ತು ಸರದಿಗಾಗಿ ಕಾಯುತ್ತ ಕೂತ ಮುಂದಿನ ಕಲಾವಿದರು. ಯಾರೂ ಮತ್ತೊಬ್ಬರಿಗಾಗಿ ಬಂದಿರಲಿಲ್ಲ. ಆದರೂ ಎಲ್ಲರೂ ಕೇಳುತ್ತಿದ್ದರು.

ಅಲ್ಲಿ ನಾನು ಕೇಳಿದ್ದು ಒಂದೆರಡಲ್ಲ. ಕಂಪ್ಲಿಯ ಮದುವೆ ಬ್ಯಾಂಡಿನ ಒಬ್ಬ ಕ್ಲಾರಿಯೊನೆಟ್ಟಿನವರು. ಜರತಾರಿ ಕೋಟು, ತಲೆಗೆ ಪೇಟ, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿದೆ. ಮದುವೆಗಳಲ್ಲಿ ದಡಬಡ ನುಡಿಸಿ ನುಡಿಸಿ ಬೇಸತ್ತಿದ್ದರೋ ಏನೋ, ಅಂದು ಒಂದೇ ರಾಗವನ್ನು ಮುಕ್ಕಾಲು ಗಂಟೆ ನಿಧಾನವಾಗಿ ಬಿಡಿಸಿದರು. ಮುಗಿಸಿ ಕೆಳಗಿಳಿದು, ಕೂತಿದ್ದ ಹನ್ನೊಂದು ಮಂದಿಗೂ ಒಬ್ಬೊಬ್ಬರಿಗೇ ಕೈ ಮುಗಿದರು, ಮಲಗಿದ್ದ ಪೊಲೀಸಪ್ಪನನ್ನೂ ಬಿಡಲಿಲ್ಲ. ಗಾದಿಗನೂರಿನ ಅಕ್ಕ ತಂಗಿ ಬಂದಿದ್ದರು. ತಂಗಿಯ ತೊಡೆಯ ಮೇಲೆ ಕೂಸು. ಕೂಸು ಅತ್ತಾಗ ಹಾಡು ಜೋಗುಳವಾಗುತ್ತಿತ್ತು, ಮಲಗಿದಾಗ ಮತ್ತೆ ಸೋಬಾನೆಗೆ ಹೊರಳುತ್ತಿತ್ತು. ಇನ್ನೊಬ್ಬರು ಸಂಡೂರಿನ ಟಿಪ್ಪರ್ ಡ್ರೈವರು, ಏಕತಾರಿ ಹಿಡಿದು ತತ್ವಪದ ಹೇಳುವವರು. ಕಮಲಾಪುರದ ರಸ್ತೆಯಿಂದ ಲಾರಿಯ ಹಾರ್ನು ಕೇಳಿದಾಗ ಅವರು ಹಾಡು ನಿಲ್ಲಿಸಿ, ಕಿವಿಗೊಟ್ಟು, ತಂತಿ ತಿರುವಿ ಆ ಹಾರ್ನಿನ ಶ್ರುತಿಗೇ ಏಕತಾರಿ ಕೂಡಿಸಿಕೊಂಡರು. "ಅದು ಹೆಂಗೂ ನಿಲ್ಲಂಗಿಲ್ರಿ, ನಾವ ಹೊಂದ್ಕೊಂಡು ಹೋಗಬೇಕು" ಎಂದರು ನಗುತ್ತ. ಅಂಥ ಶ್ರುತಿಜ್ಞಾನವಿದ್ದಿದ್ದರೆ ನಾನು ಜೂನಿಯರ್ ಏನು, ಸೀನಿಯರ್ರೂ ಪಾಸಾಗುತ್ತಿದ್ದೆ.

ಅತ್ತೆಯವರು ಎಲ್ಲರ ಹಾಡನ್ನೂ ಕೇಳುತ್ತಿದ್ದರು, ತಲೆದೂಗುತ್ತಿದ್ದರು. ಆದರೆ ಪ್ರತಿಯೊಬ್ಬರು ಮುಗಿಸಿದಾಗಲೂ ಅವರ ಮುಖ ಒಂದು ಕ್ಷಣ ಇಳಿಯುತ್ತಿತ್ತು. ಮೊದಲ ವರ್ಷದ ಕೊನೆಯ ದಿನ, ವಾಪಸು ಬರುವ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. "ಯಾರನ್ನಾದರೂ ಹುಡುಕ್ತಿದ್ದೀರೇನು ಅತ್ತೆ?"

ಅವರು ಕಿಟಕಿಯ ಹೊರಗೆ ನೋಡುತ್ತ, "ಹುಲಿಗಿನ್ನ" ಎಂದರು.

ಹುಲಿಗೆಮ್ಮ ಕಂಪ್ಲಿಯಲ್ಲಿ ಅತ್ತೆಯವರ ತಂದೆಯ ಗದ್ದೆಯಲ್ಲಿ ದುಡಿಯುತ್ತಿದ್ದವರ ಮಗಳು. ಇಬ್ಬರಿಗೂ ಒಂದೇ ವಯಸ್ಸು. ಅತ್ತೆಯವರ ತಂದೆ ದೇವಸ್ಥಾನದ ಅರ್ಚಕರು, ಮನೆಯಲ್ಲಿ ಕಟ್ಟುನಿಟ್ಟಿನ ಮಡಿ. ಹಿತ್ತಲ ಬಾಗಿಲಿನಿಂದ ಒಳಗೆ ಹುಲಿಗೆಮ್ಮ ಬರುವಂತಿರಲಿಲ್ಲ. ಆದರೆ ಹಿತ್ತಲಲ್ಲಿ ಎಮ್ಮೆಗೆ ನುಚ್ಚು ಬೀಸುವ ಒಂದು ಕಲ್ಲಿತ್ತು. ಎಮ್ಮೆಯ ನುಚ್ಚಿಗೆ ಮಡಿ ಇಲ್ಲವಲ್ಲ, ಹಾಗಾಗಿ ಆ ಕಲ್ಲಿನ ಗೂಟವನ್ನು ಇಬ್ಬರೂ ಹಿಡಿಯಬಹುದಿತ್ತು. ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರ ಕೈ ಸೇರಿಸಿ ಬೀಸುತ್ತ ಹಾಡುತ್ತಿದ್ದರಂತೆ. ಹುಲಿಗೆಮ್ಮ ಮೂರು ಸಾಲಿನ ಒಂದೊಂದೇ ಪದ ಎತ್ತುತ್ತಿದ್ದಳು. ಮೂರನೆಯ ಸಾಲಿನ ಕೊನೆಯ ಮಾತನ್ನು ಮಾತ್ರ ಆಕೆ ಹೇಳುತ್ತಿರಲಿಲ್ಲ. ಅಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು, ಆ ಮಾತು ಅತ್ತೆಯವರದು. ಹಾಗೆ ಮಾಡಿದರೆ ಹಾಡು ಕಡಿಯುವುದಿಲ್ಲ, ಕಲ್ಲೂ ನಿಲ್ಲುವುದಿಲ್ಲ.

ಹೊಳಿಯಾಚಿ ಗಾಳಿಯೆ ಹೊಳಿದಾಟಿ ಬಾರವ್ವ
ಕಲ್ಲ ಮುಂದೊಂದು ಗಳಿಗಿ ಕುಂತು
ಹೇಳವ್ವ ನನ್ನ ತವರೀನ...

"ಸುದ್ದೀಯ" ಎಂದರು ಅತ್ತೆ ಬಸ್ಸಿನಲ್ಲೇ, ಮೆಲ್ಲಗೆ. "ನಂದು ಇಷ್ಟ ನೋಡು. ಒಂದು ಮಾತು. ಆದ್ರ ಅದಿಲ್ದ ಪದ ಮುಗೀತಿರ್ಲಿಲ್ಲ."

ಅತ್ತೆಯವರ ಮದುವೆಯಾದ ವರ್ಷವೇ ಹುಲಿಗೆಮ್ಮನನ್ನೂ ಸಂಡೂರಿನ ಕಡೆ ಯಾವುದೋ ಹಳ್ಳಿಗೆ ಕೊಟ್ಟರು. ಆಕೆಯ ತವರಿನವರೂ ಊರು ಬಿಟ್ಟರು. ಅಲ್ಲಿಗೆ ಸುದ್ದಿ ನಿಂತುಹೋಯಿತು. ನಲವತ್ತು ವರ್ಷ. "ಅಂಥಾ ಧ್ವನಿ ಎಲ್ಲಿ ಮುಚ್ಚಿಟ್ರೂ ಹೊರಗ ಬರ್ತದ ವೀಣಾ. ಎಲ್ಯರ ಒಂದು ಮೂಲ್ಯಾಗ ಅಕಿ ಹೆಸರು ಸಣ್ಣ ಅಕ್ಷರದಾಗರ ಬಂದಿರ್ತದ. ಒಂದ್ಸಲ ಅಕಿ ಜೋಡಿ ಆ ಪದ ಮುಗಿಸ್ಬೇಕಂತ ಅದ ನನಗ. ಮತ್ತೇನಿಲ್ಲ."

ಅಂದಿನಿಂದ ಛತ್ರಿ ಹೊರುವುದು ನನಗೂ ಭಾರವೆನಿಸಲಿಲ್ಲ. ಎರಡನೇ ವರ್ಷ ಆಮಂತ್ರಣ ಪತ್ರಿಕೆ ಬಂದಾಗ ನಾನೇ ಮೊದಲು ಕೊನೆಯ ಪುಟ ತೆರೆದೆ. ಹುಲಿಗೆಮ್ಮ ಎಂಬ ಹೆಸರು ನಮ್ಮ ಸೀಮೆಯಲ್ಲಿ ಮನೆಗೊಂದಿರುತ್ತದೆ. ಒಂದು ವರ್ಷ ಹುಲಿಗೆಮ್ಮ ಎಂಬ ಹೆಸರೇ ಪಟ್ಟಿಯಲ್ಲಿ ಸಿಕ್ಕಿ, ನಾವು ಹನ್ನೆರಡಕ್ಕೇ ಹೋಗಿ ಕೂತೆವು. ಬಂದದ್ದು ಇಪ್ಪತ್ತರ ಹುಡುಗಿ, ಭಾವಗೀತೆ ಹಾಡಿದಳು. ಅತ್ತೆಯವರು ಆಕೆಗೆ ಥರ್ಮಾಸಿನ ಮಜ್ಜಿಗೆ ಕೊಟ್ಟು, "ಛಂದ ಹಾಡಿದಿ ತಂಗಿ" ಎಂದು ಹೇಳಿ, ನನ್ನ ಕಡೆ ನೋಡದೆ ಬಸ್ಸಿನ ಕಡೆ ನಡೆದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅದನ್ನು ಹೇಳಲು ಮನಸ್ಸಿಲ್ಲದೆಯೇ.

ಮೂರನೇ ವೇದಿಕೆಯ ಪಟ್ಟಿಯನ್ನು ಸಂಘಟಕರು ಪ್ರತಿವರ್ಷ ಹೊಸದಾಗಿ ಮಾಡುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಹೋದ ವರ್ಷದ್ದಕ್ಕೇ ಅಲ್ಲೊಂದು ಇಲ್ಲೊಂದು ಹೆಸರು ಬದಲಿಸಿ ಅಚ್ಚಿಗೆ ಕೊಡುತ್ತಿದ್ದರು. ಎರಡನೇ ದಿನದ ಮೂರೂವರೆಗೆ ಮಾತ್ರ ಯಾವಾಗಲೂ ಒಂದೇ ಸಾಲು: ಶ್ರೀ ದೊಡ್ಡಬಸಪ್ಪ ಮತ್ತು ಸಂಗಡಿಗರು, ಯಶವಂತನಗರ, ಜನಪದ ಗೀತೆ. ಮೊದಲ ವರ್ಷ ಅತ್ತೆಯವರ ಭೂತಗನ್ನಡಿ ಈ ಸಾಲಿನ ಮೇಲೆ ನಿಂತಿತ್ತು. "ಈ ಸಂಗಡಿಗರು ಅಂದ್ರ ಯಾರಿರ್ತಾರ?" ಎಂದು ಕೇಳಿದ್ದರು.

"ಯಾರೋ ಗಂಡಸರು ಬಿಡಿ ಅತ್ತೆ, ತಾಳ ಹಾಕೋರು, ಢೋಲಕ್ ಬಡಿಯೋರು" ಎಂದುಬಿಟ್ಟಿದ್ದೆ. ಅದೂ ಅಲ್ಲದೆ ಮೂರೂವರೆ ಎಂದರೆ ಅತ್ತೆಯವರು ಏನಾದರೂ ತಿನ್ನಲೇಬೇಕಾದ ಹೊತ್ತು. ಇಲ್ಲದಿದ್ದರೆ ಸಕ್ಕರೆ ಇಳಿದು ತಲೆ ಸುತ್ತುತ್ತಿತ್ತು. ಗಂಡಸರ ಹೆಸರಿನ ತಂಡ, ತಿನ್ನುವ ಹೊತ್ತು, ಎರಡೂ ಕೂಡಿಬಂದದ್ದು ನನಗೆ ಬಹಳ ಅನುಕೂಲವಾಗಿ ಕಂಡಿತ್ತು. ಆ ಸಾಲಿನ ಮುಂದೆ ಚುಕ್ಕೆ ಬೀಳಲಿಲ್ಲ. ಮೂರು ವರ್ಷ, ಎರಡನೇ ದಿನ, ಸರಿಯಾಗಿ ಮೂರೂವರೆಗೆ ನಾವು ಚಾಪೆ ಸುತ್ತಿಕೊಂಡು ಮಂಟಪದ ಹಿಂದಿನ ನೆರಳಿಗೆ ಹೋಗಿ ಮೊಸರವಲಕ್ಕಿ ತಿಂದೆವು. ಬಾಳೆತೋಟದ ಕಡೆಗೆ ಗಾಳಿ, ದೂರದಲ್ಲಿ ಢೋಲಕ್ಕಿನ ಗುಡುಗುಡು. ಹಾಡು ಅಷ್ಟು ದೂರ ಬರುತ್ತಿರಲಿಲ್ಲ.

ನಾಲ್ಕನೇ ವರ್ಷ ಗಣಿಯ ದುಡ್ಡು ಉಕ್ಕಿ ಮೂರನೇ ವೇದಿಕೆಗೂ ತುಳುಕಿತು. ಎಲ್ಲೆಂದರಲ್ಲಿ ಧ್ವನಿವರ್ಧಕ ಕಟ್ಟಿದ್ದರು. ಒಂದನ್ನು ನಮ್ಮ ಮಂಟಪದ ಕಂಬಕ್ಕೂ ಬಿಗಿದಿದ್ದರು. ನಾನು ಗೊಣಗಿದೆ. ತಿನ್ನುವಾಗಲಾದರೂ ನೆಮ್ಮದಿ ಬೇಡವೇ? ಅತ್ತೆಯವರು ಅಂಗೈಯಲ್ಲಿ ಅವಲಕ್ಕಿ ಕಲಸಿ ಎರಡನೇ ತುತ್ತು ಬಾಯಿಗಿಡುತ್ತಿದ್ದರು. ತಲೆಯ ಮೇಲಿನ ಧ್ವನಿವರ್ಧಕ ಒಮ್ಮೆ ಕೆರೆದು, ಹೆಂಗಸೊಬ್ಬಳ ದನಿ ಬಂತು. ಒಡಕು ದನಿ. ಧೂಳು ಕುಡಿದು ಗಂಟಲು ಕಟ್ಟಿದವರದು ಹೇಗಿರುತ್ತದೋ ಹಾಗೆ. ಪದ ಏನೆಂದು ನಾನು ಗಮನಿಸಲೂ ಇಲ್ಲ. ಒಂದು ಸಾಲು ಅರ್ಧಕ್ಕೆ ನಿಂತಂತಾಯಿತು, ಢೋಲಕ್ಕು ಮಾತ್ರ ಬಡಿಯುತ್ತಿತ್ತು. ಹಾಡುವವರು ಮಾತು ಮರೆತರೇನೋ ಅಂದುಕೊಂಡೆ.

"ಸುದ್ದೀಯ" ಎಂದರು ಅತ್ತೆ, ಬಾಯಲ್ಲಿ ತುತ್ತಿಟ್ಟುಕೊಂಡೇ.

ನಾನು ಅವರ ಮುಖ ನೋಡಿದೆ. ಅವರು ಕಂಬದ ಮೇಲಿನ ಧ್ವನಿವರ್ಧಕವನ್ನು ನೋಡುತ್ತಿದ್ದರು. ಮುಂದಿನ ಪದ ಬಂತು. ಕೊನೆಯ ಮಾತಿನ ಹತ್ತಿರ ಮತ್ತೆ ಹಾಗೇ ಖಾಲಿ ಜಾಗ.

"ಧ್ವನಿ ಅಕಿದಲ್ಲ" ಎಂದರು. "ಆದ್ರ ಬಿಟ್ಟ ಜಾಗ ಅಕಿದು."

ಎದ್ದರು. ಡಬ್ಬಿ ಉರುಳಿತು. "ಅತ್ತೆ, ಕೈ!" ಎಂದು ನಾನು ನೀರಿನ ಚೊಂಬು ಹಿಡಿದು ಹಿಂದೆ ಓಡಿದೆ. ನಮ್ಮ ಅತ್ತೆಯವರನ್ನು ಕಂಡವರಿಗೆ ಮಾತ್ರ ಇದು ಅರ್ಥವಾದೀತು. ಎಂಜಲು ಕೈಯಲ್ಲಿ ಅವರು ತಮ್ಮ ಸೆರಗನ್ನೂ ಮುಟ್ಟಿದವರಲ್ಲ. ಊಟದ ನಡುವೆ ಎದ್ದದ್ದನ್ನು ಅವರ ಮಗನೂ ಕಂಡಿಲ್ಲ. ಅಂಥವರು ಮೊಸರು ಮೆತ್ತಿದ ಬಲಗೈಯನ್ನು ಹಾಗೇ ಮುಂದೆ ಚಾಚಿಕೊಂಡು, ಚಪ್ಪಲಿ ಮೆಟ್ಟದೆ, ಕಾದ ಕಲ್ಲಿನ ಮೇಲೆ ಬಿಸಿಲಲ್ಲಿ ನಡೆದರು. ನಿದ್ದೆಯಿಂದೆದ್ದ ಪೊಲೀಸಪ್ಪ ಗಾಬರಿಯಾಗಿ ದಾರಿ ಬಿಟ್ಟ.

ವೇದಿಕೆಯ ಮುಂಭಾಗದಲ್ಲಿ ಖಾಕಿ ಅಂಗಿಯ ದೊಡ್ಡಬಸಪ್ಪನವರು ಢೋಲಕ್ ಹಿಡಿದು ಕೂತಿದ್ದರು. ಅವರು ಗಣಿ ಕಂಪನಿಯ ಬಸ್ಸಿನ ಡ್ರೈವರು, ತಂಡವನ್ನು ಸರಿಯಾಗಿ ಮೂರೂವರೆಗೆ ತಂದಿಳಿಸಿ ಹಾಡು ಮುಗಿದದ್ದೇ ಹಿಂದಕ್ಕೆ ಕರೆದೊಯ್ಯುತ್ತಿದ್ದರೆಂದು ಆಮೇಲೆ ತಿಳಿಯಿತು. ಹಿಂದಿನ ಸಾಲಿನಲ್ಲಿ ಒಂದೇ ಮೈಕಿಗೆ ಮುಖ ಹಚ್ಚಿ ಐದು ಜನ ಹೆಂಗಸರು. ಅದರಲ್ಲಿ ನಡುವಿನವಳು ತೆಳ್ಳಗೆ, ಕಪ್ಪಗೆ, ನರೆತ ಕೂದಲಿನವಳು. ಕಣ್ಣು ಮುಚ್ಚಿ ಹಾಡುತ್ತಿದ್ದಳು. ಒಂದು ಕೈ ಗಾಳಿಯಲ್ಲಿ ದುಂಡಗೆ ಸುತ್ತುತ್ತಿತ್ತು.

ಪದ ಕೊನೆಯ ಮಾತಿಗೆ ಬಂತು, ನಿಂತಿತು. ಅತ್ತೆಯವರು ಕೆಳಗೆ ನಿಂತು ಆ ಮಾತನ್ನು ಹಾಡಿದರು. ಅವರದೇನು ದೊಡ್ಡ ಶಾರೀರವಲ್ಲ. ಆದರೆ ಆ ಮಾತು ಆ ಜಾಗದಲ್ಲಿ ಬಾಗಿಲಿಗೆ ಅಗುಳಿ ಬಿದ್ದಂತೆ ಕೂತಿತು. ಹುಲಿಗೆಮ್ಮ ಕಣ್ಣು ತೆರೆದಳು. ಒಂದು ಗಳಿಗೆ ನೋಡಿದಳು, ಅಷ್ಟೇ. ಹಾಡು ನಿಲ್ಲಿಸಲಿಲ್ಲ. ಮುಂದಿನ ಪದ ಎತ್ತಿಕೊಂಡಳು. ಮೂರು ಪದ ಹಾಗೇ ಆಯಿತು, ಆಕೆ ಮೇಲೆ, ಇವರು ಕೆಳಗೆ. ನಾಲ್ಕನೆಯದಕ್ಕೆ ಹುಲಿಗೆಮ್ಮ ಮೈಕು ಬಿಟ್ಟು ಹೊರಟಳು.

ಹುಲಿಗೆಮ್ಮ ಇಳಿದು ಬಂದಾಗ ಅತ್ತೆಯವರು ಎರಡೂ ಕೈ ನೀಡಿದರು.

"ಪದ್ದಕ್ಕ, ಕೈ ಎಂಜಲ ಐತೆಲ್ಲ ಬೇ!" ಎಂದಳು ಹುಲಿಗೆಮ್ಮ, ಹಿಂದೆ ಸರಿಯುತ್ತ.

"ಇರ್ಲಿ ಬಿಡು" ಎಂದರು ಅತ್ತೆ, ಆ ಕೈಯಿಂದಲೇ ಆಕೆಯ ಕೈ ಹಿಡಿದರು.

ದೊಡ್ಡಬಸಪ್ಪನವರಿಗೆ ಏನೂ ತಿಳಿಯದು. ಅವರು ನನಗೆ ದೂರು ಹೇಳತೊಡಗಿದರು. "ನಮ್ ಹುಲಿಗೆಮ್ಮ ಭಾಳ ಛಲೋ ಹಾಡ್ತಾಳ್ರಿ ಮೇಡಂ. ಆದ್ರ ಒಂದ ಕೆಟ್ಟ ಚಾಳಿ. ಕಡೀ ಮಾತು ನುಂಗಿ ಬಿಡ್ತಾಳ. ಪದ ಪೂರ್ತಿ ಹೇಳಬೇ ಅಂತ ಹೇಳಿ ಹೇಳಿ ನನಗ ಸಾಕಾಗೇತಿ."

"ಅದು ನಂದಲ್ಲಪ್ಪ" ಎಂದಳು ಹುಲಿಗೆಮ್ಮ, ಅತ್ತೆಯವರ ಮುಖದಿಂದ ಕಣ್ಣು ಕೀಳದೆ. "ಇಕಿ ಪಾಲಿಂದು. ಇಕಿ ಪಾಲಿಂದು ನಾ ಹೆಂಗ ಹಾಡ್ಲಿ?"

"ನೀ ಎಷ್ಟು ವರ್ಷದಿಂದ ಇಲ್ಲಿ ಬರ್ತಿ?" ಎಂದು ಕೇಳಿದರು ಅತ್ತೆ.

"ಸುರು ಆದಾಗಿಂದ್ಲೂ ಬರ್ತೀನಿ. ಇದು ನಾಕನೇದು."

ಅತ್ತೆಯವರು ತಿರುಗಿ ಮಂಟಪದ ಕಡೆ ಕೈ ತೋರಿಸಿದರು. "ಮೂರು ವರ್ಷ ನಾ ಅಲ್ಲೇ ಇದ್ದೆ. ಆ ಕಂಬದ ಹಿಂದ. ಅವಲಕ್ಕಿ ತಿನ್ಕೋತ." ಹಾಗೆಂದು ನಕ್ಕರು. ಹುಲಿಗೆಮ್ಮನೂ ಬಾಯಿಗೆ ಸೆರಗು ಹಿಡಿದು ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಅದಿರು ಒಡೆದು ಸೋಸುವ ಕೆಲಸ ಆಕೆಯದು, ಎಂಟು ವರ್ಷದಿಂದ. ನನಗೆ ನಗು ಬರಲಿಲ್ಲ. ಯಾರೋ ಗಂಡಸರು ಬಿಡಿ ಎಂದಿದ್ದೆನಲ್ಲ, ಆ ಮಾತೇ ನೆನಪಾಗುತ್ತಿತ್ತು. ಮನೆಗೆ ಬಂದ ಮೇಲೆ, "ತಪ್ಪಾಯ್ತು ಅತ್ತೆ" ಎಂದೆ. ಅವರು, "ಹುಚ್ಚಿ, ಕನ್ನಡಿ ನಂದು, ನಾನರ ನೆಟ್ಟಗ ನೋಡಬೇಕಿತ್ತು" ಎಂದು ಮಾತು ಮುಗಿಸಿದರು. ನನಗೇನೂ ಹಗುರಾಗಲಿಲ್ಲ. ಮೂರು ವರ್ಷ ಅಂದರೆ ಮೂರು ವರ್ಷ. ಆ ಮೂರು ವರ್ಷಗಳಲ್ಲಿ ಹುಲಿಗೆಮ್ಮನ ದನಿ ಎಷ್ಟು ಉಳಿದಿತ್ತೋ, ಎಷ್ಟು ಹೋಯಿತೋ!

ಅದಾದ ಮೇಲೆ ರಜೆ ಸಿಕ್ಕಾಗಲೆಲ್ಲ ಹುಲಿಗೆಮ್ಮ ಕಂಪನಿಯ ಬಸ್ಸಿನಲ್ಲಿ ಹೊಸಪೇಟೆಗೆ ಬರುತ್ತಿದ್ದಳು. ಮೊದಲ ಸಲ ಬಂದವಳು ರೂಢಿಯಂತೆ ಮನೆಯನ್ನು ಸುತ್ತಿ ಹಿತ್ತಲಿಗೆ ಹೊರಟಳು. ಅತ್ತೆಯವರು ಪಡಸಾಲೆಯಿಂದಲೇ ಕೂಗಿದರು. "ಎಲ್ಲಿಗೆ ಹೊಂಟಿಯೇ? ಬಾಗಿಲು ಇಲ್ಲಿ ಅದ. ಇಲ್ಲಿಂದ ಬಾ." ಹುಲಿಗೆಮ್ಮ ಹೊಸ್ತಿಲ ಹೊರಗೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಲಗಾಲಿಟ್ಟು ಒಳಗೆ ಬಂದಳು.

ಹಾಡಬೇಕೆಂದರೆ ಬೀಸುವ ಕಲ್ಲಿಲ್ಲ. ನಮ್ಮ ಮನೆಯಲ್ಲಿ ಎಲ್ಲಕ್ಕೂ ಮಿಕ್ಸರು. "ಕೈ ಸುಮ್ನಿದ್ರ ಬಾಯಿ ಬರಂಗಿಲ್ಲ" ಎಂದಳು ಹುಲಿಗೆಮ್ಮ. ಕೊನೆಗೆ ಹಿತ್ತಾಳೆಯ ಹರಿವಾಣವೊಂದನ್ನು ನೆಲಕ್ಕಿಟ್ಟು, ಇಬ್ಬರೂ ಅಂಚು ಹಿಡಿದು ತಿರುಗಿಸತೊಡಗಿದರು. ಹಿಟ್ಟಿಲ್ಲ, ಕಾಳಿಲ್ಲ, ಗರಗರ ಸದ್ದೊಂದೇ. ನಮ್ಮವರು ಬ್ಯಾಂಕಿನಿಂದ ಬಂದವರು ಈ ದೃಶ್ಯ ಕಂಡು, ಶೂಸು ಕೈಯಲ್ಲಿ ಹಿಡಿದು ಸದ್ದಿಲ್ಲದೆ ಒಳಗೆ ಹೋದರು. ನಾನು ಬಾಗಿಲಿಗೊರಗಿ ಕೇಳುತ್ತಿದ್ದೆ. ಮುಖ್ಯ ವೇದಿಕೆಯ ಆಸೆ ನನಗೆ ಆಗಲೇ ಬಿಟ್ಟುಹೋಗಿತ್ತು.

ಆಮೇಲೆ ಗಣಿ ನಿಂತಿತು. ರಸ್ತೆ ಒಮ್ಮೆಗೇ ಖಾಲಿಯಾಯಿತು, ಬಟ್ಟೆ ಬಿಳುಪಾಯಿತು. ಉತ್ಸವದ ಆಮಂತ್ರಣ ಒಂದೇ ಹಾಳೆಗೆ ಇಳಿಯಿತು, ಅದರಲ್ಲಿ ಕೊನೆಯ ಪುಟವೇ ಇರಲಿಲ್ಲ. ಅತ್ತೆಯವರು ಭೂತಗನ್ನಡಿ ಹಿಡಿದು ಆ ಹಾಳೆಯ ಹಿಂದು ಮುಂದು ನೋಡಿದರು, ಅಚ್ಚುಕೂಟದ ಹೆಸರಿನವರೆಗೂ ಓದಿದರು, ಮಡಚಿ ಇಟ್ಟರು. ಹುಲಿಗೆಮ್ಮನ ಬರುವಿಕೆಯೂ ನಿಂತಿತು. ಕೆಲಸ ಹೋದವರು ಯಾವ ಯಾವ ಊರಿಗೋ ಹೊರಟುಹೋದರಂತೆ. ದೊಡ್ಡಬಸಪ್ಪನವರ ಫೋನು ಹತ್ತುತ್ತಿರಲಿಲ್ಲ. ಒಂದು ಭಾನುವಾರ ನಾನು, ನಮ್ಮವರು ಯಶವಂತನಗರಕ್ಕೇ ಹೋಗಿ ಹುಡುಕಿ ಬಂದೆವು. ಆಕೆಯಿದ್ದ ಮನೆಗೆ ಬೀಗವಿತ್ತು. ಬಂದು ಹೇಳಿದಾಗ ಅತ್ತೆಯವರು, "ಬರ್ತಾಳ ಬಿಡು, ಬಾಗಿಲು ಗೊತ್ತದ ಅಕಿಗೆ" ಎಂದರು. ಆ ವರ್ಷದ ದೀಪಾವಳಿ ಕಳೆದ ಮೇಲೆ ಮೂರು ದಿನ ಜ್ವರ ಬಂದದ್ದೇ ನೆಪ, ಅತ್ತೆಯವರು ಹೋದರು. ಕೊನೆಯ ದಿನ ಅವರ ಬಲಗೈ ಹಾಸಿಗೆಯ ಅಂಚನ್ನು ಹಿಡಿದು ಸುತ್ತಿಸುವಂತೆ ಆಡುತ್ತಿತ್ತು. ಡಾಕ್ಟರು ಅದಕ್ಕೆ ಬೇರೆ ಏನೋ ಹೆಸರು ಹೇಳಿದರು.

ಹುಲಿಗೆಮ್ಮ ಬಂದದ್ದು ಮೂರು ತಿಂಗಳ ಮೇಲೆ, ಒಂದು ಮಧ್ಯಾಹ್ನ. ಮುಂದಿನ ಬಾಗಿಲಿನಿಂದಲೇ ಬಂದಳು. ಕೈಯಲ್ಲಿ ಒಂದು ಹಿಡಿ ಹಸಿ ಕಡಲೆಗಿಡ. "ಮಗನ ಜೋಡಿ ಗಂಗಾವತಿ ಕಡೆ ಹೋಗಿದ್ನೆವ್ವ, ಕೂಲಿಗೆ. ಪದ್ದಕ್ಕ ಎಲ್ಲಿ?" ಎಂದಳು.

ನಾನು ಹೇಳಬೇಕಾಯಿತು. ಹೇಗೆ ಹೇಳಿದೆನೋ ನೆನಪಿಲ್ಲ. ಆಕೆ ಅಳಲಿಲ್ಲ. ಪಡಸಾಲೆಯಲ್ಲಿ ತನ್ನ ಜಾಗದಲ್ಲಿ ಕೂತಳು. ಕಡಲೆಗಿಡವನ್ನು ಪಕ್ಕಕ್ಕಿಟ್ಟು, "ಆ ಹರಿವಾಣ ತಾ" ಎಂದಳು.

ತಂದಿಟ್ಟೆ. ಒಂದು ಕಡೆಯ ಅಂಚು ಹಿಡಿದು ತಿರುಗಿಸಿದಳು. ಎದುರು ಅಂಚು ಯಾರೂ ಹಿಡಿಯದೆ ಹರಿವಾಣ ಓಲಾಡುತ್ತ ಸುತ್ತಿತು. ದನಿಯೆಂಬುದು ಇರಲೇ ಇಲ್ಲ, ಬರೀ ಉಸಿರು. ಹೊಳೆಯಾಚೆಯ ಗಾಳಿಯನ್ನು ಕರೆದಳು, ಕಲ್ಲ ಮುಂದೆ ಕೂರಿಸಿದಳು. "ಹೇಳವ್ವ ನನ್ನ ತವರೀನ..." ಎಂದು ನಿಲ್ಲಿಸಿದಳು.

ಆಕೆ ಮುಂದೆ ಹೋಗಲಿಲ್ಲ. ಆ ಮಾತನ್ನೂ ಹೇಳಲಿಲ್ಲ. ನೆಲ ನೋಡುತ್ತ ಕಾಯುತ್ತ ಕೂತಳು. ಎಷ್ಟು ಹೊತ್ತಾದರೂ ಆಕೆ ಅದನ್ನು ಹೇಳುವವಳಲ್ಲ ಎಂದು ನನಗೆ ಗೊತ್ತಿತ್ತು.

"ಸುದ್ದೀಯ" ಎಂದೆ. ದಾವಣಗೆರೆಯ ಪರೀಕ್ಷಕರು ಎರಡು ಸಲ ಫೇಲು ಮಾಡಿದ್ದು ಅನ್ಯಾಯವಲ್ಲವೆಂದು ಅಂದು ಖಾತ್ರಿಯಾಯಿತು.

ಹುಲಿಗೆಮ್ಮ ಮುಖ ಕಿವುಚಿದಳು. "ಹಂಗಲ್ಲಬೇ ಯವ್ವ. ಮೊದ್ಲು ಕೈ ಹಿಡಿ. ಕೈ ಹಿಡೀದ ಹೆಂಗ ಬರ್ತೈತಿ?"

ನಾನು ಎದುರು ಕೂತು ಅಂಚು ಹಿಡಿದೆ. ಅಂಚು ಅಲ್ಲಿ ಸ್ವಲ್ಪ ಸವೆದು ನುಣ್ಣಗಾಗಿತ್ತು. ಮತ್ತೆ ಮೊದಲಿನಿಂದ ಎತ್ತಿಕೊಂಡಳು, ಮತ್ತೆ ನಿಲ್ಲಿಸಿದಳು, ನಾನು ಹೇಳಿದೆ. "ಊಹೂಂ, ಜಲ್ದಿ ಆತು. ನಾ ಉಸಿರು ತೊಗೊಳ್ಳೋತನಕ ತಡಿ."

ಮೂರನೇ ಸಲ ಆಕೆ ತಿದ್ದಲಿಲ್ಲ. ಮುಂದಿನ ಪದ ಎತ್ತಿಕೊಂಡಳು.